ಹಿಮದ ಹಗೇವು

ಹಳೆ ಮೈಸೂರಿನ ರಾಗಿ ಸೀಮೆಯಲ್ಲಿ ಗಟ್ಟಿ ನೆಲ ನೋಡಿ ಹಗೇವು ತೋಡುತ್ತಿದ್ದರು. ಆಳು ಇಳಿಯುವಷ್ಟೇ ಬಾಯಿ, ಕೆಳಗೆ ಅಗಲವಾದ ಹೊಟ್ಟೆ, ಗೋಡೆಗೆ ಹುಲ್ಲಿನ ಹೊದಿಕೆ. ರಾಗಿ ತುಂಬಿದ ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಮಣ್ಣು. ಒಳಗಿನ ಕಾಳು ಉಸಿರಾಡುತ್ತಾ ಉಸಿರಾಡುತ್ತಾ ಇದ್ದಬದ್ದ ಆಮ್ಲಜನಕವನ್ನೆಲ್ಲ ಮುಗಿಸಿ, ಆ ಜಾಗಕ್ಕೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಿತ್ತು. ಹುಳುಹುಪ್ಪಟೆಗೆ ಬದುಕುವ ದಾರಿಯೇ ಇಲ್ಲ, ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಗಳಿಗೆಯಲ್ಲೇ ಇಳಿದವರ ಜೀವಕ್ಕೂ ಅದೇ ಗಾಳಿ ಕುತ್ತು ತರುತ್ತಿತ್ತು. ಹಾಗಾಗಿ ಬಾಯಿ ತೆಗೆದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು ವಾಡಿಕೆ. ಹೊಸಕೋಟೆ, ದೇವನಹಳ್ಳಿಯ ಕಡೆ ಈಗ ಆ ಕಾಲ ಹೋಯಿತು. ಹೊಲವಿದ್ದಲ್ಲಿ ಲೇಔಟು, ಕಣವಿದ್ದಲ್ಲಿ ಗೋದಾಮು.

ರಾಗಿಗೆ ಈಗ ಬೇರೊಂದು ಹಗೇವು ಸಿಕ್ಕಿದೆ. ಅದು ಇರುವುದು ಉತ್ತರ ಧ್ರುವದಿಂದ ಸುಮಾರು 1,300 ಕಿಲೋಮೀಟರ್ ಈಚೆ, ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ. ಲಾಂಗಿಯರ್‌ಬೀನ್ ಎಂಬ ಊರಿನ ಪಕ್ಕದ ಗುಡ್ಡದೊಳಗೆ ನೂರು ಮೀಟರಿಗೂ ಆಚೆ ಕೊರೆದು ಮಾಡಿದ ಜಾಗತಿಕ ಬೀಜ ಭಂಡಾರ 2008ರ ಫೆಬ್ರವರಿ 26ರಂದು ಬಾಗಿಲು ತೆರೆಯಿತು. ಒಳಗಿನ ಉಷ್ಣತೆ ಮೈನಸ್ 18 ಡಿಗ್ರಿ. ಜಗತ್ತಿನ ಬೀಜ ಬ್ಯಾಂಕುಗಳು ತಮ್ಮಲ್ಲಿರುವ ತಳಿಗಳ ಇನ್ನೊಂದು ಪ್ರತಿಯನ್ನು ಇಲ್ಲಿ ಇಟ್ಟಿರುತ್ತವೆ. ಮೂಲ ಕಳೆದುಹೋದರೆ ಇದು ಆಪತ್ಕಾಲದ ಬುತ್ತಿ. ಹೈದರಾಬಾದಿನ ಪಕ್ಕದ ಪಟನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳ ಜೊತೆಗೆ ರಾಗಿಯನ್ನೂ ಅಲ್ಲಿಗೆ ಕಳಿಸಿದೆ. ಪೆಟ್ಟಿಗೆಯ ಒಡೆತನ ಕಳಿಸಿದವರದೇ. ಅವರು ಹೇಳದೆ ಬೇರೆ ಯಾರೂ ಮುಚ್ಚಳ ತೆಗೆಯುವಂತಿಲ್ಲ. 2015ರಲ್ಲಿ ಮೊದಲ ಸಲ ಪೆಟ್ಟಿಗೆಗಳು ಹೊರಬಂದವು. ಸಿರಿಯಾದ ಅಲೆಪ್ಪೋದಲ್ಲಿದ್ದ ಬೀಜ ಬ್ಯಾಂಕು ಯುದ್ಧಕ್ಕೆ ಸಿಕ್ಕಿ ಕೈಬಿಟ್ಟುಹೋಗಿದ್ದರಿಂದ ಅದರವರು ತಮ್ಮ ಗಂಟನ್ನು ಮರಳಿ ಪಡೆದರು.

ಈ ಭಂಡಾರದ ಹೊರಗೆ ಕಾಣುವುದು ಒಂದು ಕಾಂಕ್ರೀಟು ಬೆಣೆ ಮಾತ್ರ. ಆ ಬೆಣೆಯ ನೆತ್ತಿ ಮತ್ತು ಮುಖದ ತುಂಬ ಉಕ್ಕಿನ ತಗಡು, ಕನ್ನಡಿ, ಪಟ್ಟಕಗಳ ಚೂರುಗಳಿವೆ. ಬೇಸಿಗೆಯಲ್ಲಿ ಸೂರ್ಯ ಮುಳುಗದ ತಿಂಗಳುಗಳಲ್ಲಿ ಅವು ಬಿಸಿಲನ್ನು ಚೆಲ್ಲಾಡುತ್ತವೆ. ಸೂರ್ಯನೇ ಬಾರದ ಚಳಿಗಾಲದಲ್ಲಿ ಅವುಗಳ ನಡುವೆ ಹಾಯಿಸಿದ ಆಪ್ಟಿಕಲ್ ಫೈಬರ್ ಎಳೆಗಳು ತಿಳಿಹಸಿರು ಬೆಳಕು ಬೀರುತ್ತವೆ. ಇದು ಡ್ಯೂವೆಕೆ ಸಾನ್ನೆ ಎಂಬ ಕಲಾವಿದೆಯ ಕೃತಿ. ಸರ್ಕಾರಿ ದುಡ್ಡಿನ ದೊಡ್ಡ ಕಟ್ಟಡಕ್ಕೆ ಕಲಾಕೃತಿಯೊಂದು ಇರಲೇಬೇಕು ಎಂಬ ನಿಯಮ ನಾರ್ವೆಯಲ್ಲಿದೆ. ಮುದ್ದೆಯ ಧಾನ್ಯವೊಂದು ಕಲಾಕೃತಿಯ ನೆರಳಲ್ಲಿ, ಹಿಮದಡಿ, ಹೀಗೆ ಕಾಯುತ್ತಾ ಕೂತಿದೆ.

ಸದಾ ಹೆಪ್ಪುಗಟ್ಟಿರುವ ನೆಲವೆಂದು ನಂಬಿ ಈ ಗುಡ್ಡವನ್ನು ಆರಿಸಿದ್ದರು. ಕರೆಂಟು ಹೋದರೂ ಬೀಜ ತಣ್ಣಗೇ ಇರುತ್ತದೆ ಎಂಬುದು ಲೆಕ್ಕ. 2016ರ ಅಕ್ಟೋಬರಿನಲ್ಲಿ, ಹಿಮ ಬೀಳಬೇಕಾದ ಹೊತ್ತಿನಲ್ಲಿ, ಸ್ವಾಲ್‌ಬಾರ್ಡ್‌ನಲ್ಲಿ ಮಳೆ ಹೊಡೆಯಿತು. ಕರಗಿದ ನೀರು ಪ್ರವೇಶದ ಸುರಂಗಕ್ಕೆ ನುಗ್ಗಿ ಅಲ್ಲೇ ಗಟ್ಟಿಯಾಯಿತು. ಬೀಜದ ಕೋಣೆಗಳ ತನಕ ಹೋಗಲಿಲ್ಲ, ಒಂದು ಕಾಳೂ ಹಾಳಾಗಲಿಲ್ಲ. ಆದರೆ ಪ್ರಳಯ ಬಂದರೂ ಉಳಿಯಲಿ ಎಂದು ಕಟ್ಟಿದ ಮನೆ, ಕಟ್ಟಿ ಹತ್ತು ವರ್ಷ ತುಂಬುವ ಮೊದಲೇ ರಿಪೇರಿಗೆ ಬಂತು. ಸುರಂಗವನ್ನು ನೀರು ಜಿನುಗದಂತೆ ಹೊಸದಾಗಿ ಕಟ್ಟಿ 2019ರಲ್ಲಿ ಮುಗಿಸಿದರು.

ಧ್ರುವ ಯಾಕೆ ಇಷ್ಟು ಬೇಗ ಬಿಸಿಯಾಗುತ್ತಿದೆ? ಹಿಮ ಹೊದ್ದ ಕಡಲಗಡ್ಡೆ, ಅಂದರೆ ಹೆಪ್ಪುಗಟ್ಟಿದ ಕಡಲ ನೀರು, ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ಆಕಾಶಕ್ಕೆ ವಾಪಸು ಕಳಿಸುತ್ತದೆ. ಗಡ್ಡೆ ಕರಗಿ ಕಪ್ಪು ನೀರು ತೆರೆದುಕೊಂಡರೆ ಶೇಕಡ 6ರಷ್ಟು ಮಾತ್ರ ಹಿಂದಿರುಗುತ್ತದೆ, ಉಳಿದ ಶಾಖವನ್ನೆಲ್ಲ ಕಡಲೇ ನುಂಗುತ್ತದೆ. ಹೆಚ್ಚು ಶಾಖ, ಇನ್ನಷ್ಟು ಕರಗುವಿಕೆ, ಮತ್ತೂ ಹೆಚ್ಚು ಶಾಖ. 1979ರಿಂದೀಚೆಗೆ ಆರ್ಕ್‌ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಬೇಸಿಗೆಯ ಕೊನೆಗೆ, ಸೆಪ್ಟೆಂಬರಿನಲ್ಲಿ, ಅಲ್ಲಿ ಉಳಿಯುವ ಕಡಲಗಡ್ಡೆಯ ವಿಸ್ತಾರ ಹತ್ತು ವರ್ಷಕ್ಕೆ ಸುಮಾರು ಶೇಕಡ 12ರಂತೆ ಕುಗ್ಗುತ್ತಿದೆ. 2012ರ ಸೆಪ್ಟೆಂಬರಿನಲ್ಲಿ ಅದು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು. ಬಹುಕಾಲ ಗಟ್ಟಿಯಾಗಿ ನಿಂತಿದ್ದ ದಕ್ಷಿಣದ ಅಂಟಾರ್ಕ್‌ಟಿಕಾದ ಸುತ್ತಲೂ 2023ರ ಫೆಬ್ರವರಿಯಲ್ಲಿ ಕಡಲಗಡ್ಡೆ ದಾಖಲೆಯ ಮಟ್ಟಕ್ಕೆ ಕುಸಿಯಿತು.

ತೇಲುವ ಗಡ್ಡೆ ಕರಗಿದರೆ ಕಡಲಿನ ಮಟ್ಟ ಏರುವುದಿಲ್ಲ. ಏರುವುದು ನೆಲದ ಮೇಲೆ ಕೂತ ಹಿಮ ಕಡಲಿಗಿಳಿದಾಗ. ಗ್ರೀನ್‌ಲ್ಯಾಂಡ್ ಈ ಶತಮಾನದಲ್ಲಿ ವರ್ಷಕ್ಕೆ ಸರಾಸರಿ 270 ಶತಕೋಟಿ ಟನ್ನಿನಂತೆ ಹಿಮ ಕಳೆದುಕೊಂಡಿದೆ. ಇದನ್ನು ಕರ್ನಾಟಕದ ಲೆಕ್ಕಕ್ಕೆ ತಂದರೆ ಸುಮಾರು 9,500 ಟಿಎಂಸಿ. ಕೆಆರ್‌ಎಸ್ ಭರ್ತಿಯಾದರೆ ಹಿಡಿಯುವುದು 49.45 ಟಿಎಂಸಿ. ಅಂದರೆ ವರ್ಷಕ್ಕೆ 190 ಕೆಆರ್‌ಎಸ್ ಮಿಕ್ಕಿ ನೀರು.

ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಯಾವ ಕಡಲೂ ಅಲ್ಲಿಗೆ ಏರಿ ಬರುವುದಿಲ್ಲ. ಅದು ಸೇರಿದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಪಾಡೇ ಬೇರೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಮೇಲೆ, ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಹಾದರೂ ವರ್ಷಪೂರ್ತಿ ಹರಿಯುವ ನದಿ ಎಂಬುದು ಜಿಲ್ಲೆಗಿಲ್ಲ. ಎಲ್ಲವೂ ಕೆರೆ, ಬೋರ್‌ವೆಲ್ ಮತ್ತು ಮೋಡದ ಮೇಲೆ ನಿಂತಿದೆ. ಮೋಡದ ವಿಷಯಕ್ಕೆ ಬಂದರೆ ಧ್ರುವ ಅಷ್ಟೇನೂ ದೂರವಲ್ಲ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಗಡ್ಡೆ ಕಮ್ಮಿಯಾಗುವುದಕ್ಕೂ ಭಾರತದಲ್ಲಿ ಸೆಪ್ಟೆಂಬರ್ ತಿಂಗಳ ಅತಿವೃಷ್ಟಿಗೂ ನಂಟು ಇರಬಹುದೆಂದು ತೋರಿಸಿತು. ಮೇಲಿನ ಗಾಳಿಯ ಅಲೆಗಳು ಆ ಸುದ್ದಿಯನ್ನು ಇಲ್ಲಿಗೆ ತರುತ್ತವೆ ಎಂಬುದು ಅವರ ವಿವರಣೆ. ಇದು ಮಧ್ಯಭಾರತದ ಮಾತು. ಅದನ್ನು ಎಳೆದು ತಂದು ದಕ್ಷಿಣದ ಪ್ರತಿ ಮಳೆಗೂ ಅಂಟಿಸುವುದು ತರವಲ್ಲ. 2021ರ ನವೆಂಬರಿನಲ್ಲಿ ಕಟಾವಿಗೆ ನಿಂತ ರಾಗಿ ಮಳೆಗೆ ಮಲಗಿ, ತೆನೆಯಲ್ಲೇ ಮೊಳೆತು, ದಕ್ಷಿಣ ಕರ್ನಾಟಕದ ರೈತರು ಕೈಸುಟ್ಟುಕೊಂಡರು. ಆ ಮಳೆಯನ್ನು ಧ್ರುವದ ತಲೆಗೆ ಕಟ್ಟುವ ಆಧಾರವಿಲ್ಲ. ಇನ್ನು ಕರಾವಳಿಯ ವಿಷಯ ಬೇರೆ. 2017ರಲ್ಲಿ ನಾಸಾ ವಿಜ್ಞಾನಿಗಳು ಯಾವ ಹಿಮರಾಶಿ ಕರಗಿದರೆ ಯಾವ ಬಂದರಿನಲ್ಲಿ ಎಷ್ಟು ನೀರು ಏರುತ್ತದೆ ಎಂದು 293 ಬಂದರುಗಳಿಗೆ ಲೆಕ್ಕ ಹಾಕಿದರು. ಆ ಪಟ್ಟಿಯಲ್ಲಿ ಮಂಗಳೂರೂ ಇದೆ.

ಇಂಥ ಸಂಗತಿಯನ್ನು ಜನಕ್ಕೆ ತಲುಪಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಕೆಲಸ ಹೀಗೆ ಹಂಚಿಕೆಯಾಗುತ್ತದೆ: ವಿಜ್ಞಾನಿ ಅಳೆಯಲಿ, ಕಲಾವಿದ ಅಳಿಸಲಿ. ಧ್ರುವಗಳ ಚರಿತ್ರೆ ಈ ಹಂಚಿಕೆಯನ್ನು ಒಪ್ಪುವುದಿಲ್ಲ.

ಎಡ್ವರ್ಡ್ ವಿಲ್ಸನ್ ಎಂಬ ಇಂಗ್ಲಿಷ್ ವೈದ್ಯ ಕ್ಯಾಪ್ಟನ್ ಸ್ಕಾಟ್‌ನ ಎರಡು ಅಂಟಾರ್ಕ್‌ಟಿಕ್ ಯಾತ್ರೆಗಳಲ್ಲೂ ಜೊತೆಗಿದ್ದ. 1910ರಲ್ಲಿ ಹೊರಟ ಎರಡನೆಯ ಯಾತ್ರೆಗೆ ಅವನೇ ವಿಜ್ಞಾನ ವಿಭಾಗದ ಮುಖ್ಯಸ್ಥ. ಚಿತ್ರಕಾರನೂ ಅವನೇ. ಹೊರಗೆ ಬಣ್ಣದ ನೀರು ಕುಂಚದಲ್ಲೇ ಗಡ್ಡೆಯಾಗುತ್ತಿತ್ತು. ಹಾಗಾಗಿ ವಿಲ್ಸನ್ ಕೈಗವಸು ಕಳಚಿ ಕೆಲವೇ ನಿಮಿಷದಲ್ಲಿ ಪೆನ್ಸಿಲಿನಿಂದ ಗೀಚುತ್ತಿದ್ದ. ಎಲ್ಲೆಲ್ಲಿ ಯಾವ ಬಣ್ಣ ಎಂದು ಪಕ್ಕದಲ್ಲೇ ಅಕ್ಷರದಲ್ಲಿ ಗುರುತು ಹಾಕಿಕೊಂಡು, ಗುಡಿಸಲಿಗೆ ಬಂದ ಮೇಲೆ ಗ್ಯಾಸ್ ದೀಪದ ಬೆಳಕಲ್ಲಿ ಜಲವರ್ಣ ತುಂಬುತ್ತಿದ್ದ. ಆ ಯಾತ್ರೆಯ ಫೋಟೋಗ್ರಾಫರ್ ಹರ್ಬರ್ಟ್ ಪಾಂಟಿಂಗ್ ಅಸಾಧಾರಣ ಕಸುಬುದಾರ, ಆದರೆ ಆಗಿನ ಫೋಟೋ ಬಹುಮಟ್ಟಿಗೆ ಕಪ್ಪು ಬಿಳುಪು. ಚಂದ್ರನ ಸುತ್ತ ಹಿಮದ ಹರಳುಗಳು ಕಟ್ಟುವ ಪರಿವೇಷ, ಅದರ ಅಕ್ಕಪಕ್ಕ ಮೂಡುವ ಹುಸಿ ಚಂದ್ರರು, ಇವುಗಳ ಬಣ್ಣದ ದಾಖಲೆ ಉಳಿದದ್ದು ವಿಲ್ಸನ್‌ನ ಕಾಗದದಲ್ಲಿ. ಚೆಂದಕ್ಕಾಗಿ ಒಂದು ಗೆರೆಯನ್ನೂ ಅವನು ಹೆಚ್ಚು ಎಳೆಯುತ್ತಿರಲಿಲ್ಲ, ಅದಕ್ಕೇ ಅವು ಚೆಂದ.

1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಸ್ಕಾಟ್, ವಿಲ್ಸನ್ ಮತ್ತು ಜೊತೆಗಾರ ಬೌವರ್ಸ್ ಡೇರೆಯಲ್ಲೇ ಸತ್ತರು. ಅದೇ ವರ್ಷದ ನವೆಂಬರಿನಲ್ಲಿ ಶವಗಳು ಸಿಕ್ಕಾಗ ಪಕ್ಕದಲ್ಲಿ 16 ಕಿಲೋ ಕಲ್ಲುಗಳಿದ್ದವು. ಹೆಜ್ಜೆ ಎತ್ತಿಡಲು ತ್ರಾಣವಿಲ್ಲದಾಗಲೂ ಅವರು ಆ ಭಾರ ಬಿಟ್ಟಿರಲಿಲ್ಲ. ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪುರಾತನ ಗಿಡದ ಎಲೆಯಚ್ಚು ಇತ್ತು. ಅದೇ ಎಲೆ ಭಾರತದ ಕಲ್ಲಿದ್ದಲಿನ ಪದರಗಳಲ್ಲೂ ಸಿಗುತ್ತದೆ. ಭಾರತವೂ ಅಂಟಾರ್ಕ್‌ಟಿಕಾವೂ ಒಂದು ಕಾಲಕ್ಕೆ ಗೊಂಡ್ವಾನ ಎಂಬ ಒಂದೇ ಭೂಖಂಡದಲ್ಲಿ ಮೈಗೆ ಮೈ ತಾಗಿ ಕೂತಿದ್ದವು ಎಂಬುದಕ್ಕೆ ಮುಖ್ಯ ಸಾಕ್ಷಿಗಳಲ್ಲಿ ಅದೂ ಒಂದು. ನಾವು ಇವತ್ತು ಉರಿಸಿ ಧ್ರುವವನ್ನು ಕರಗಿಸುತ್ತಿರುವ ಕಲ್ಲಿದ್ದಲು ಧ್ರುವದ ಗಿಡದ ನೆಂಟನೇ. ವಿಲ್ಸನ್‌ನ ಕೈಚಳಕದ ಬಗ್ಗೆ ಇನ್ನೂ ಒಂದು ಸುದ್ದಿ: ಅಂಟಾರ್ಕ್‌ಟಿಕಾದ ಕೇಪ್ ಅಡೇರ್‌ನ ಹಳೇ ಗುಡಿಸಲಲ್ಲಿ, ಪೆಂಗ್ವಿನ್ ಹಿಕ್ಕೆ ಮೆತ್ತಿದ ಕಾಗದಗಳ ನಡುವೆ ಸಿಕ್ಕ ಒಂದು ಪುಟ್ಟ ಹಕ್ಕಿಯ ಜಲವರ್ಣ ಅವನದೇ ಎಂದು 2017ರಲ್ಲಿ ಬಹಿರಂಗವಾಯಿತು. ಅವನು 1899ರಲ್ಲಿ ಬರೆದ ಆ ಚಿತ್ರದ ಬಣ್ಣ ಆ ಚಳಿಯಲ್ಲಿ ಮಾಸಿರಲಿಲ್ಲ.

ನೂರು ವರ್ಷದ ನಂತರ ಕಣ್ಣಿನ ಜಾಗಕ್ಕೆ ಕಿವಿಯೂ ಬಂತು. ಸ್ಕಾಟ್ಲೆಂಡಿನ ಕಲಾವಿದೆ ಕೇಟಿ ಪ್ಯಾಟರ್ಸನ್ 2007ರಲ್ಲಿ ಐಸ್‌ಲ್ಯಾಂಡಿನ ಸರೋವರವೊಂದರೊಳಗೆ, ನೀರಿನೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಇಳಿಬಿಟ್ಟು ಅದನ್ನು ಟೆಲಿಫೋನ್ ನಂಬರಿಗೆ ಜೋಡಿಸಿದಳು. ಯಾರು ಬೇಕಾದರೂ ಕರೆ ಮಾಡಿದರೆ ಆ ಕಡೆಯಿಂದ ವಾಟ್ನಯೋಕುಲ್ ಹಿಮನದಿ ಕರಗುವ ಸದ್ದು. ಅದೇ ವರ್ಷ ಇನ್ನೊಂದು ಕೆಲಸ ಮಾಡಿದಳು. ಮೂರು ಹಿಮನದಿಗಳ ಸದ್ದನ್ನು ಧ್ವನಿಮುದ್ರಿಸಿ, ಅವೇ ನದಿಗಳ ನೀರನ್ನು ಹೆಪ್ಪುಗಟ್ಟಿಸಿ ಗ್ರಾಮಫೋನ್ ತಟ್ಟೆ ಮಾಡಿ, ಪೂರ್ತಿ ಕರಗುವ ತನಕ, ಹತ್ತಿರ ಹತ್ತಿರ ಎರಡು ಗಂಟೆ, ನುಡಿಸಿದಳು.

ಇದು ಚಮತ್ಕಾರವಷ್ಟೇ ಎನ್ನುವವರು ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫಿಯೋರ್ಡ್ ಎಂಬ ಕಡಲ ಕೊಲ್ಲಿಯ ಕಡೆ ನೋಡಬೇಕು. ಅದರ ದಂಡೆಯ ನ್ಯೂ ಓಲೆಸುಂಡ್‌ನಲ್ಲಿ ಭಾರತದ ಆರ್ಕ್‌ಟಿಕ್ ನೆಲೆ 'ಹಿಮಾದ್ರಿ' 2008ರಿಂದ ಇದೆ. 2014ರಲ್ಲಿ ಭಾರತೀಯರು ಅದೇ ಕೊಲ್ಲಿಯ ನೀರಿನಲ್ಲಿ 'ಇಂಡಾರ್ಕ್' ಎಂಬ ಉಪಕರಣಗಳ ಸರಪಳಿಯನ್ನು ಲಂಗರು ಹಾಕಿ ನಿಲ್ಲಿಸಿದರು. ನೀರಿನ ಬಿಸುಪು, ಉಪ್ಪು, ಹರಿವು ಎಲ್ಲವನ್ನೂ ಅದು ವರ್ಷಪೂರ್ತಿ ಬರೆದಿಟ್ಟುಕೊಳ್ಳುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಆ ಕೊಲ್ಲಿಯಲ್ಲಿ ಹೈಡ್ರೋಫೋನ್ ಇಟ್ಟು, ನೀರಡಿಯ ಗದ್ದಲದಲ್ಲಿ ಹಿಮಗುಡ್ಡ ಸೀಳುವ ಸದ್ದು ಯಾವುದೆಂದು ಬೇರ್ಪಡಿಸಿದರು. ಹಿಮನದಿಯ ಗಡ್ಡೆಯೊಳಗೆ ಬಹುಕಾಲ ಅದುಮಿಟ್ಟ ಗಾಳಿಗುಳ್ಳೆಗಳಿರುತ್ತವೆ. ಕರಗುವಾಗ ಅವು ಒಂದೊಂದಾಗಿ ಸಿಡಿಯುತ್ತವೆ. ಈ ಸಿಡಿತದಿಂದಾಗಿ ಹಿಮನದಿ ಬಂದು ಸೇರುವ ಕೊಲ್ಲಿಗಳು ಕಡಲಿನಲ್ಲೇ ಅತಿ ಗಲಾಟೆಯ ಜಾಗಗಳು ಎಂದು 2015ರ ಅಧ್ಯಯನವೊಂದು ತೋರಿಸಿದೆ. ಎಷ್ಟು ಸದ್ದು ಎಂಬುದರಿಂದ ಎಷ್ಟು ಕರಗಿತು ಎಂದು ಅಂದಾಜಿಸಲು ವಿಜ್ಞಾನಿಗಳು ಈಗ ಪ್ರಯತ್ನಿಸುತ್ತಿದ್ದಾರೆ. ಹಿಮ ಕರಗುವುದನ್ನು ಕಿವಿಯಿಂದ ತಿಳಿಯಬಹುದು ಎಂಬಲ್ಲಿ ಕಲಾವಿದೆಯೂ ಸಂಶೋಧಕರೂ ಬೇರೆ ಬೇರೆ ದಾರಿಯಲ್ಲಿ ಬಂದು ಮುಟ್ಟಿದರು.

ಹಿಮಾದ್ರಿಗೆ ಬೆಂಗಳೂರಿನ ನಂಟೂ ಇದೆ. ಅಲ್ಲಿಯ ಮೊದಲ ಚಳಿಗಾಲದ ತಂಡ 2023ರ ಡಿಸೆಂಬರಿನಲ್ಲಿ ಹೊರಟಾಗ ಅದರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಇತ್ತು. ಅವರು ಹುಡುಕಿ ಹೋದದ್ದು ಹಿಮವನ್ನಲ್ಲ, ನಿಶ್ಶಬ್ದವನ್ನು. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ರೇಡಿಯೋ ಸಂಕೇತವನ್ನು ಹಿಡಿಯಲು ಮನುಷ್ಯರ ರೇಡಿಯೋ ಗದ್ದಲ ಇಲ್ಲದ ಜಾಗ ಅವರಿಗೆ ಬೇಕಿತ್ತು.

ಎಲ್ಲ ಧ್ರುವಕಲೆಯೂ ಹೀಗೆ ಗಟ್ಟಿ ನೆಲದ ಮೇಲೆ ನಿಂತಿಲ್ಲ. 2016ರಲ್ಲಿ ಇಟಲಿಯ ಸಂಗೀತಗಾರ ಲುಡೊವಿಕೊ ಐನೌದಿ ಸ್ವಾಲ್‌ಬಾರ್ಡ್‌ನ ಹಿಮನದಿಯೊಂದರ ಎದುರು ತೇಲುವ ಮರದ ವೇದಿಕೆಯ ಮೇಲೆ ಪಿಯಾನೋ ನುಡಿಸಿದ. ಗ್ರೀನ್‌ಪೀಸ್ ಸಂಸ್ಥೆ ಏರ್ಪಡಿಸಿದ್ದ ಆ ವಿಡಿಯೋವನ್ನು ಕೋಟಿಗಟ್ಟಲೆ ಜನ ನೋಡಿದರು. ಹಿಂದೆ ಹಿಮ ಕಳಚಿ ಬೀಳುತ್ತದೆ, ಮುಂದೆ ಸ್ವರ. ಮನಸ್ಸು ಕಲಕುತ್ತದೆ, ನಿಜ. ಆದರೆ ನೋಡಿ ಮುಗಿಸಿದವರಿಗೆ ಆ ಹಿಮನದಿಯ ಬಗ್ಗೆ ಹೊಸದಾಗಿ ಒಂದು ಸಂಗತಿಯೂ ತಿಳಿದಿರುವುದಿಲ್ಲ. ಕಳಚಿ ಬೀಳುವುದು ಹಿಮನದಿಯ ಸಹಜ ಗುಣವೂ ಹೌದು. ಬೀಳುವ ಹಿಮವೆಲ್ಲ ಹವಾಮಾನ ಬದಲಾವಣೆಯ ಸಾಕ್ಷಿಯಲ್ಲ.

ಅಮೆರಿಕದ ಫೋಟೋಗ್ರಾಫರ್ ಜೇಮ್ಸ್ ಬೇಲಾಗ್ ಈ ಸೂಕ್ಷ್ಮ ಬಲ್ಲವನು. 2007ರಿಂದ ಅವನ ತಂಡ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾಗಳ ಬಂಡೆಗಳಿಗೆ ಕ್ಯಾಮೆರಾ ಬಿಗಿದು, ವರ್ಷಗಟ್ಟಲೆ ಒಂದೇ ಕೋನದಿಂದ ಒಂದೇ ಹಿಮನದಿಯ ಚಿತ್ರ ತೆಗೆಯಿತು. ಒಂದು ಬೀಳುವಿಕೆ ಏನನ್ನೂ ಹೇಳದಿರಬಹುದು, ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುವ ಅಂಚು ಹೇಳುತ್ತದೆ. ಕಾಯುತ್ತಿದ್ದಾಗ ದೊಡ್ಡದೂ ಸಿಕ್ಕಿತು: 2008ರ ಮೇ 28ರಂದು ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್ ಹಿಮನದಿಯಿಂದ 75 ನಿಮಿಷದಲ್ಲಿ 7.4 ಘನ ಕಿಲೋಮೀಟರ್ ಹಿಮ ಕಳಚಿತು. ಐದು ಕೆಆರ್‌ಎಸ್ ಗಾತ್ರದ ಗಡ್ಡೆ. ಆ ದೃಶ್ಯ 2012ರ 'ಚೇಸಿಂಗ್ ಐಸ್' ಸಾಕ್ಷ್ಯಚಿತ್ರದಲ್ಲಿದೆ.

ಕಲಾವಿದ ಒಲಾಫುರ್ ಎಲಿಯಾಸನ್ ಇನ್ನೊಂದು ದಾರಿ ಹಿಡಿದ. ಗ್ರೀನ್‌ಲ್ಯಾಂಡಿನ ಭೂವಿಜ್ಞಾನಿ ಮಿನಿಕ್ ರೋಸಿಂಗ್ ಜೊತೆ ಸೇರಿ ಅಲ್ಲಿಯ ನೂಕ್ ಊರಿನ ಬಳಿಯ ಕೊಲ್ಲಿಯಲ್ಲಿ ತೇಲುತ್ತಿದ್ದ ಹನ್ನೆರಡು ಹಿಮಬಂಡೆಗಳನ್ನು, ಒಟ್ಟು 80 ಟನ್, ಪ್ಯಾರಿಸ್ಸಿಗೆ ತಂದ. 2015ರ ಡಿಸೆಂಬರಿನಲ್ಲಿ ಅಲ್ಲಿ ಹವಾಮಾನ ಶೃಂಗಸಭೆ ನಡೆಯುತ್ತಿದ್ದಾಗ ಪ್ಯಾಂಥಿಯನ್ ಎದುರಿನ ಚೌಕದಲ್ಲಿ ಗಡಿಯಾರದ ಅಂಕಿಗಳ ಜಾಗದಲ್ಲಿ ಅವನ್ನಿಟ್ಟು ಕರಗಲು ಬಿಟ್ಟ. ಮಕ್ಕಳು ನೆಕ್ಕಿದರು, ದೊಡ್ಡವರು ಕಿವಿಯಿಟ್ಟು ಗುಳ್ಳೆ ಸಿಡಿಯುವುದನ್ನು ಕೇಳಿದರು. 2018ರಲ್ಲಿ ಲಂಡನ್ನಿನಲ್ಲೂ ಹೀಗೇ ಮೂವತ್ತು ಬಂಡೆಗಳು ಕರಗಿದವು. ಕೂಡಲೇ ಕೊಂಕು ಬಂತು: ಹಿಮ ಉಳಿಸಿ ಎನ್ನಲು ಹಿಮವನ್ನೇ ಹಡಗಿನಲ್ಲಿ ತರುವುದೇ? ಎಲಿಯಾಸನ್‌ನ ತಂಡ ಈ ಪ್ರಶ್ನೆಗೆ ಜಾರಿಕೊಳ್ಳಲಿಲ್ಲ. ಪ್ಯಾರಿಸ್ ಪ್ರದರ್ಶನದ ಇಂಗಾಲದ ಲೆಕ್ಕ 30 ಟನ್ ಎಂದು ಬಹಿರಂಗಪಡಿಸಿತು, ಹೆಚ್ಚುಕಮ್ಮಿ ಮೂವತ್ತು ಜನ ಪ್ಯಾರಿಸ್ಸಿನಿಂದ ಗ್ರೀನ್‌ಲ್ಯಾಂಡಿಗೆ ವಿಮಾನದಲ್ಲಿ ಹೋಗಿಬಂದಷ್ಟು. ಹಿಮದ ಲೆಕ್ಕವನ್ನಂತೂ ಓದುಗರೇ ಮಾಡಬಹುದು. ವರ್ಷಕ್ಕೆ 270 ಶತಕೋಟಿ ಟನ್ ಎಂದರೆ ಸೆಕೆಂಡಿಗೆ 8,500 ಟನ್. ಪ್ಯಾರಿಸ್ಸಿಗೆ ಬಂದ 80 ಟನ್ನನ್ನು ಗ್ರೀನ್‌ಲ್ಯಾಂಡ್ ಕಳೆದುಕೊಳ್ಳುವುದು ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಬಂಡೆಗಿಂತಲೂ ಈ ಲೆಕ್ಕಪತ್ರವೇ ಆ ಕೃತಿಯ ಒಳ್ಳೆಯ ಭಾಗ.

ಐಸ್‌ಲ್ಯಾಂಡಿನಲ್ಲಿ ಓಕ್ ಎಂಬ ಸಣ್ಣ ಹಿಮನದಿ ಇತ್ತು. ಹಿಮನದಿ ಎನ್ನಿಸಿಕೊಳ್ಳಲು ತನ್ನದೇ ಭಾರಕ್ಕೆ ಜಾರಿ ಚಲಿಸುವಷ್ಟು ದಪ್ಪ ಇರಬೇಕು. ಓಕ್ ಅಷ್ಟೂ ಉಳಿದಿಲ್ಲ, ಸತ್ತಿದೆ ಎಂದು 2014ರಲ್ಲಿ ಭೂವಿಜ್ಞಾನಿ ಓಡ್ಡುರ್ ಸಿಗುರ್ಡ್‌ಸನ್ ಘೋಷಿಸಿದ. 2019ರ ಆಗಸ್ಟ್ 18ರಂದು ಜನ ಬೆಟ್ಟ ಹತ್ತಿ ಅಲ್ಲಿ ಲೋಹದ ಫಲಕವೊಂದನ್ನು ನೆಟ್ಟರು. ಒಕ್ಕಣೆ ಲೇಖಕ ಆಂಡ್ರಿ ಸ್ನೈರ್ ಮಾಗ್ನಸನ್‌ನದು, ಮುಂದೆ ಬರುವವರನ್ನು ಉದ್ದೇಶಿಸಿದ್ದು. ಕೊನೆಗೆ ಒಂದು ಅಂಕಿ: 415. ಆ ವರ್ಷ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಮುಟ್ಟಿದ ಗರಿಷ್ಠ ಪ್ರಮಾಣ ಅದು. ಕೈಗಾರಿಕಾ ಯುಗಕ್ಕೆ ಮುಂಚೆ 280 ಇತ್ತು. 2024ರಲ್ಲಿ 420 ದಾಟಿದೆ.

ಕಲ್ಲಿನ ಮೇಲೆ ಬರೆದು ಮುಂದಿನವರನ್ನು ಎಚ್ಚರಿಸುವುದು ಕನ್ನಡ ನಾಡಿಗೆ ಹೊಸತಲ್ಲ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ ತೆರೆದರೆ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಶಾಸನಗಳು ತಾಲ್ಲೂಕುವಾರು ಸಾಲಾಗಿ ಸಿಗುತ್ತವೆ. ಈ ಸೀಮೆಯ ಶಾಸನಗಳಲ್ಲಿ ಕೆರೆಯ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವನಿಗೆ ಕಟ್ಟುಗೊಡಗೆ, ಬಿತ್ತುವಟ್ಟ ಎಂದು ಗದ್ದೆ ಬಿಟ್ಟುಕೊಡುವುದು. ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರ, ಕೊನೆಯಲ್ಲಿ ಇದನ್ನು ಅಳಿದವರಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪವೆಂಬ ಶಾಪ. ಶಾಪದ ಮಾತು ಈಗ ನಗು ತರಿಸಬಹುದು. ಆದರೆ ಅಲ್ಲಿ ವ್ಯವಸ್ಥೆ ಇತ್ತು: ಯಾವ ಕೆರೆ, ಯಾರ ಹೊಣೆ, ಅದಕ್ಕೆ ಎಷ್ಟು ನೆಲ ಎಂಬುದು ಸಾರ್ವಜನಿಕವಾಗಿ, ಎಲ್ಲರ ಕಣ್ಣೆದುರು, ಅಕ್ಷರದಲ್ಲಿ ನಿಂತಿರುತ್ತಿತ್ತು. ಓಕ್ ಫಲಕದಲ್ಲಿ ಹೊಣೆಗಾರರ ಹೆಸರಿಲ್ಲ, 'ನಾವು' ಎಂಬುದಷ್ಟೇ ಇದೆ. ಆ ಮಟ್ಟಿಗೆ ಹೊಸಕೋಟೆ ಸೀಮೆಯ ಹಳೇ ಕಲ್ಲೇ ಹೆಚ್ಚು ಖಡಕ್ಕು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇಂಥ ಕಲ್ಲುಗಳನ್ನು ಈಗ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ರಸ್ತೆ ಅಗಲೀಕರಣ, ಲೇಔಟು, ಜೆಸಿಬಿಗಳ ನಡುವೆ ಅದು ತಡಮಾಡುವ ಕೆಲಸವಲ್ಲ.

ಭಾರತದ ಕಲಾವಿದರು ಧ್ರುವದ ಕಡೆ ಹೋದದ್ದು ಕಮ್ಮಿ. ದೆಹಲಿ ಮತ್ತು ಲಂಡನ್ನುಗಳ ನಡುವೆ ಬದುಕುವ ಹಿಮಾಲಿ ಸಿಂಗ್ ಸೋಯಿನ್ ಎರಡೂ ಧ್ರುವಗಳಿಗೆ ಹೋಗಿ, ಹಿಮವೇ ಕಥೆ ಹೇಳುವಂತೆ ಮಾಡಿದ ಸರಣಿಗಾಗಿ 2019ರ ಫ್ರೀಝ್ ಕಲಾವಿದ ಪ್ರಶಸ್ತಿ ಪಡೆದರು. ಕಲೆ ಮತ್ತು ವಿಜ್ಞಾನ ಒಂದೇ ಸೂರಿನಡಿ ಸಿಗಬೇಕೆಂದರೆ ಗ್ರಾಮಾಂತರದವರು ದೂರ ಹೋಗಬೇಕಾಗಿಲ್ಲ. ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲೇ, ಹೆಬ್ಬಾಳದಿಂದ ನಗರದ ಕಡೆಗೆ, ಸೈನ್ಸ್ ಗ್ಯಾಲರಿ ಬೆಂಗಳೂರು ಇದೆ. ರಾಜ್ಯ ಸರ್ಕಾರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಂಥವು ಕೂಡಿ ಕಟ್ಟಿದ ಈ ಕೇಂದ್ರ 2024ರ ಜನವರಿಯಲ್ಲಿ ತನ್ನ ಸ್ವಂತ ಕಟ್ಟಡದಲ್ಲಿ ಬಾಗಿಲು ತೆರೆದದ್ದೇ 'ಕಾರ್ಬನ್' ಎಂಬ ಪ್ರದರ್ಶನದಿಂದ. ಪ್ರವೇಶ ಉಚಿತ.

ಈ ಕತೆಯಲ್ಲಿ ಮಗ್ಗಗಳ ಊರು ದೊಡ್ಡಬಳ್ಳಾಪುರಕ್ಕೆ ಸಲ್ಲಬೇಕಾದ ಜಾಗ ಇನ್ನೂ ಖಾಲಿಯಿದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಲ್ಲೀ ಹೈವುಡ್ 2017ರಲ್ಲಿ ಒಂದು ಕಂಬಳಿ ಹೆಣೆದಳು. ವರ್ಷಕ್ಕೊಂದು ಸಾಲು, ಆ ವರ್ಷದ ಸರಾಸರಿ ಉಷ್ಣತೆಗೆ ತಕ್ಕ ಬಣ್ಣದ ಉಣ್ಣೆ. ಅವಳ ಸಹೋದ್ಯೋಗಿ ಎಡ್ ಹಾಕಿನ್ಸ್ ಅದನ್ನು ನೋಡಿದ. 2018ರಲ್ಲಿ ಅಂಕಿ, ಅಕ್ಷ, ಅಕ್ಷರ ಯಾವುದೂ ಇಲ್ಲದೆ ಬರೀ ನೀಲಿ-ಕೆಂಪು ಪಟ್ಟೆಗಳ ಚಿತ್ರ ಮಾಡಿದ. ಎಡಕ್ಕೆ ತಂಪಿನ ನೀಲಿ, ಬಲಕ್ಕೆ ಬರುತ್ತಾ ಕಡುಕೆಂಪು. ಜಗತ್ತಿನಲ್ಲಿ ಇವತ್ತು ಅತಿ ಹೆಚ್ಚು ಗುರುತು ಸಿಗುವ ಹವಾಮಾನದ ಚಿತ್ರಗಳಲ್ಲಿ ಅದು ಒಂದು. ರೆಡಿಂಗ್ ಫುಟ್‌ಬಾಲ್ ತಂಡ ಅದನ್ನು ಜೆರ್ಸಿಯ ತೋಳಿಗೂ ಹಾಕಿಕೊಂಡಿತು. ಆ ಚಿತ್ರ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲ, ನೂಲಿನಲ್ಲಿ.

ದೊಡ್ಡಬಳ್ಳಾಪುರದಲ್ಲಿ ಸಾವಿರಾರು ವಿದ್ಯುತ್ ಮಗ್ಗಗಳಿವೆ. ಅಲ್ಲಿಯ ಸೀರೆಯ ಅಂಚು, ಬುಟ್ಟಾ, ಸೆರಗು ಮೂಡುವುದು ಜಕಾರ್ಡ್ ಯಂತ್ರದಿಂದ. ಆ ಕೆಲಸದಲ್ಲಿ ವಿನ್ಯಾಸವನ್ನು ಮೊದಲು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬಬೇಕು. ಒಂದೊಂದು ಸಾಲಿಗೆ ಒಂದೊಂದು ಕಾರ್ಡಿಗೆ ತೂತು ಹೊಡೆಯಬೇಕು. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗುಳಿಯುತ್ತದೆ, ನಡುವೆ ಲಾಳಿ ಹೊಕ್ಕು ಒಯ್ಯುತ್ತದೆ. ಈಗ ಕಾರ್ಡಿನ ಬದಲು ಕಂಪ್ಯೂಟರ್ ಫೈಲೂ ನಡೆಯುತ್ತದೆ. ಅಂಕಿಯನ್ನು ಬಟ್ಟೆ ಮಾಡುವ ವಿದ್ಯೆ ಅಲ್ಲಿ ದಿನನಿತ್ಯದ ಕಸುಬು.

ಸೀರೆಯ ಉದ್ದ ಐದೂವರೆ ಮೀಟರ್. ಭಾರತದ ಉಷ್ಣತೆಯ ಅಧಿಕೃತ ಸರಣಿ 1901ರಿಂದ ಇದೆ. 2024ರ ತನಕ 124 ವರ್ಷ, ವರ್ಷಕ್ಕೆ 4.4 ಸೆಂಟಿಮೀಟರಿನ ಪಟ್ಟೆ. ಆ ಸರಣಿಯಲ್ಲಿ ಅತಿ ಬಿಸಿಯಾದ ವರ್ಷ 2024, ಹಾಗಾಗಿ ಸೆರಗಿನ ತುದಿ ತಾನಾಗಿಯೇ ಕಡುಕೆಂಪು. ಆರ್ಕ್‌ಟಿಕ್ ಗಡ್ಡೆಯ ಸೀರೆ ಬೇಕೆಂದರೆ ಉಪಗ್ರಹ ದಾಖಲೆ 1979ರಿಂದ, 46 ವರ್ಷ, ಪಟ್ಟೆಗೆ 12 ಸೆಂಟಿಮೀಟರ್. ನೆರಿಗೆಯಲ್ಲಿ ಬಿಳಿ ಹೆಚ್ಚು, ಹೆಗಲ ಮೇಲೆ ನೀರಿನ ಕಪ್ಪು ನೀಲಿ. ಯಾರಾದರೂ ಉಟ್ಟು ಬೀದಿಗೆ ಬಂದರೆ ಎರಡನೆಯವರು ಕೇಳಿಯೇ ಕೇಳುತ್ತಾರೆ. ವಿಚಾರ ಸಂಕಿರಣದಲ್ಲಿ ತೋರಿಸಿದ ಸ್ಲೈಡಿಗೆ ಆ ಭಾಗ್ಯವಿಲ್ಲ.

ಅಂಕಿಯ ಕೊರತೆಯಂತೂ ಇನ್ನು ಇರುವುದಿಲ್ಲ. ನಾಸಾ ಮತ್ತು ಇಸ್ರೊ ಕೂಡಿ ಮಾಡಿದ ನಿಸಾರ್ ಉಪಗ್ರಹದ ಎರಡು ರೇಡಾರುಗಳು 2023ರ ಮಾರ್ಚಿನಲ್ಲಿ ಬೆಂಗಳೂರಿಗೆ ಬಂದವು, ಇಲ್ಲೇ ಉಪಗ್ರಹದ ಮೈಗೆ ಜೋಡಣೆಯಾದವು. ಮಡಿಸಿಟ್ಟಾಗ ಬಿಸಿಲಿಗೆ ಮಿತಿಮೀರಿ ಕಾಯಬಹುದೆಂದು ಅದರ 12 ಮೀಟರ್ ಅಗಲದ ಆಂಟೆನಾ ಬಲೆಯನ್ನು ಕ್ಯಾಲಿಫೋರ್ನಿಯಾಕ್ಕೆ ವಾಪಸು ಕಳಿಸಿ ಲೇಪನ ಹಾಕಿಸಿ ತಂದರು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಅದು ಏರಿತು. ಅದು ಸದಾ ಎಡಕ್ಕೇ ನೋಡುತ್ತದೆ, ಅಂಟಾರ್ಕ್‌ಟಿಕಾವನ್ನು ಹೆಚ್ಚು ಕಾಣುವುದಕ್ಕೆಂದೇ ಮಾಡಿದ ಏರ್ಪಾಡು. ಮೋಡವಿರಲಿ, ಆರು ತಿಂಗಳ ಧ್ರುವರಾತ್ರಿ ಇರಲಿ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬಂದು ಹಿಮ ಎಷ್ಟು ಸೆಂಟಿಮೀಟರ್ ಸರಿಯಿತು ಎಂದು ಹೇಳಬಲ್ಲದು. ಅದೇ ಕಣ್ಣು ಹೊಸಕೋಟೆಯ ಹೊಲದ ತೇವವನ್ನೂ, ಬೋರ್‌ವೆಲ್ ಬತ್ತಿದ ಕಡೆ ನೆಲ ಕುಸಿಯುವುದನ್ನೂ ಅಳೆಯುತ್ತದೆ. ಈ ಮಾಹಿತಿ ಜಗತ್ತಿಗೆಲ್ಲ ಉಚಿತ. ಊರಿನ ಮಳೆಯ ಲೆಕ್ಕ ಬೇಕಾದರೆ ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಗ್ರಾಮ ಪಂಚಾಯಿತಿಗೊಂದರಂತೆ ಅದರ ಮಳೆಮಾಪಕಗಳಿವೆ. ಜಿಲ್ಲೆಯ ಯಾವುದಾದರೂ ಹೈಸ್ಕೂಲಿನ ವಿಜ್ಞಾನ ಮೇಷ್ಟರು ತಮ್ಮ ಪಂಚಾಯಿತಿಯ ಹತ್ತು ವರ್ಷದ ಮಳೆಯನ್ನು ಮಕ್ಕಳಿಂದ ಗ್ರಾಫ್ ಹಾಳೆಗೆ ಇಳಿಸಿ, ಅದನ್ನು ದೊಡ್ಡಬಳ್ಳಾಪುರದ ಒಬ್ಬ ಡಿಸೈನ್ ಕೆಲಸದವರ ಕೈಗೆ ಕೊಟ್ಟು ನೋಡಲಿ. ಮೊದಲಿಗೆ ಒಂದು ಟವೆಲ್ ಸಾಕು.